ಕೆಂಪು ನೆಲ, ಕಪ್ಪು ನೆಲ: ತುಳಿದರೆ ಏನಾಗ್ತದ?

ಹುಬ್ಬಳ್ಳಿಯಿಂದ ಗದಗಿನ ಕಡೆ ಬಸ್ಸಿನಲ್ಲಿ ಹೋದವರು ಇದನ್ನು ನೋಡಿರ್ತಾರೆ. ಮೊದಲು ಮೈಲುಗಟ್ಟಲೆ ಸಪಾಟು ಕಪ್ಪು ಹೊಲ. ಗದಗ ದಾಟಿ ಮುಂಡರಗಿ ದಾರಿ ಹಿಡಿದರೆ ಪಕ್ಕದಲ್ಲಿ ಕಪ್ಪತಗುಡ್ಡದ ಸಾಲು, ಕೆಂಪು ಗರಸು, ಮೊಣಕಾಲೆತ್ತರದ ಒಣ ಹುಲ್ಲು. ಬೇಸಿಗೆಯಲ್ಲಿ ಎರಡೂ ಬೋಳು ಬೋಳಾಗಿ ಕಾಣ್ತಾವೆ. ನಮ್ಮಂಥವರ ಬಾಯಲ್ಲಿ ಎರಡಕ್ಕೂ ಒಂದೇ ಹೆಸರು: ಖಾಲಿ ಜಾಗ.

ಈ ಲೇಖನದಲ್ಲಿ ನಾವು ಆ ಖಾಲಿ ಜಾಗದ ಮೇಲಿನ ಒಂದೇ ಒಂದು ಸೆಂಟಿಮೀಟರ್ ಬಗ್ಗೆ ಮಾತಾಡೋಣ. ಒಣ ಹುಲ್ಲುಗಾವಲಿನಲ್ಲಿ ಮಳೆ ನೀರು ಒಳಗೆ ಇಳೀಬೇಕೋ ಹರಿದು ಹೋಗಬೇಕೋ, ಬೀಜ ಮೊಳೀಬೇಕೋ ಬೇಡವೋ ಅನ್ನೋದನ್ನು ಬಹುಮಟ್ಟಿಗೆ ತೀರ್ಮಾನಿಸೋದು ಆ ಒಂದು ಸೆಂಟಿಮೀಟರ್. ಅದು ಹೇಗಿರುತ್ತೆ ಅನ್ನೋದು ಎರಡು ವಿಷಯದ ಮೇಲೆ ನಿಂತಿದೆ: ಮಣ್ಣು ಯಾವುದು, ಮತ್ತು ಆ ಮಣ್ಣನ್ನು ಯಾರು, ಯಾವಾಗ ಕೆದಕಿದರು. ಎರಡನೇ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಮೊದಲನೆಯದು ಗೊತ್ತಿರಲೇಬೇಕು. ಯಾಕಂದ್ರೆ ಒಂದು ಮಣ್ಣಿಗೆ ತಾಳುವ ಪೆಟ್ಟು ಇನ್ನೊಂದಕ್ಕೆ ತಾಳೋದಿಲ್ಲ.

ನೆಲದ ಮೇಲೆ ಏನೇನು ಇರುತ್ತೆ?

ಹುಲ್ಲುಗಾವಲಿನಲ್ಲಿ ತಲೆ ಬಗ್ಗಿಸಿ ನೇರ ಕೆಳಗೆ ನೋಡಿದರೆ ಕಾಣೋದು ಐದು ಸಂಗತಿಗಳು.

1. ಹುಲ್ಲಿನ ಬುಡ. ಬಹುವಾರ್ಷಿಕ ಹುಲ್ಲುಗಳು ಗುಂಪು ಗುಂಪಾಗಿ ಬೆಳೀತಾವೆ. ಎಲೆ ಒಣಗಿದರೂ ಬುಡ ಜೀವಂತ.
2. ಕಸ. ಅಂದ್ರೆ ಬಿದ್ದ ಎಲೆ, ಮುರಿದ ಕಡ್ಡಿ, ಒಣ ಸಗಣಿ.
3. ಕಲ್ಲು, ಗರಸು.
4. ಬರೀ ಮಣ್ಣು. ಇದು ಸಡಿಲವಾಗಿರಬಹುದು, ಇಲ್ಲಾ ಗಟ್ಟಿ ಹಕ್ಕಳೆ ಕಟ್ಟಿರಬಹುದು.
5. ಜೀವಂತ ಹಕ್ಕಳೆ. ನೀಲಿ-ಹಸಿರು ಪಾಚಿ, ಹಾವಸೆ, ಕಲ್ಲುಹೂವಿನ ಜಾತಿಯವು ಮಣ್ಣಿನ ಕಣಗಳ ಜೊತೆ ಸೇರಿ ಕಟ್ಟಿಕೊಂಡ ತೆಳು ಪದರ. ಮಸಾಲೆಗೆ ಹಾಕ್ತೀವಲ್ಲ, ಆ ಕಲ್ಲುಹೂವಿನ ನೆಂಟರೇ ಇವು.

ಕೊನೆಯ ಎರಡನ್ನು ನಾವು ಸಾಮಾನ್ಯವಾಗಿ ಬೇರೆ ಬೇರೆಯಾಗಿ ನೋಡೋದಿಲ್ಲ. ಆದರೆ ಅವುಗಳ ಕೆಲಸ ಹೆಚ್ಚು ಕಡಿಮೆ ವಿರುದ್ಧ. ಅದಕ್ಕೆ ಮುಂದೆ ಬರ್ತೀವಿ.

ಒಂದೇ ಊರಿನ ಸುತ್ತ ಎರಡು ಮಣ್ಣು

ಧಾರವಾಡ ಜಿಲ್ಲೆಯಲ್ಲಿ ಪಶ್ಚಿಮಕ್ಕೆ, ಕಲಘಟಗಿ ಕಡೆ, ಕೆಂಪು ಮಣ್ಣು. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿ ಕಡೆ ಹೋದರೆ ಎರಿ ಭೂಮಿ, ಅಂದ್ರೆ ಕಪ್ಪು ಮಣ್ಣು. ಮಳೆಯೂ ಪೂರ್ವಕ್ಕೆ ಹೋದಂತೆ ಕಡಿಮೆ: ಧಾರವಾಡದಲ್ಲಿ ವರ್ಷಕ್ಕೆ ಸುಮಾರು 800 ಮಿ.ಮೀ. ಆಸುಪಾಸು, ಗದಗಿನ ಕಡೆ 600ರ ಹತ್ತಿರ. ನಮ್ಮ ರೈತರು ಕೆಂಪು ನೆಲಕ್ಕೆ ಮಸಾರಿ ಅಂತಾರೆ. ಎರಿ ಮತ್ತು ಮಸಾರಿ, ಈ ಎರಡು ಪದ ಗೊತ್ತಿದ್ದರೆ ಈ ಭಾಗದ ಮಣ್ಣುಶಾಸ್ತ್ರ ಅರ್ಧ ಗೊತ್ತಿದ್ದಂಗ.

ಒಂದೇ ಊರಲ್ಲೂ ಎರಡು ಬಣ್ಣ ಹೇಗೆ ಬಂತು? ಇಳಿಜಾರು ನೋಡ್ರಿ. ಏರಿನ ಮೇಲೆ ನೀರು ನಿಲ್ಲೋದಿಲ್ಲ. ಕಲ್ಲು ಕರಗಿದಾಗ ಬಿಡುಗಡೆಯಾಗುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಅದು ತೊಳೆದುಕೊಂಡು ಹೋಗುತ್ತೆ. ಉಳಿಯೋದು ಕಬ್ಬಿಣದ ಆಕ್ಸೈಡ್ ಮತ್ತು ಕೇಯೊಲಿನೈಟ್ ಎಂಬ ಜೇಡಿ ಖನಿಜ. ಅದಕ್ಕೇ ಕೆಂಪು. ತಗ್ಗಿನಲ್ಲಿ ಆ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಂದು ಸೇರಿಕೊಂಡು ಮಾಂಟ್‌ಮೊರಿಲೊನೈಟ್ ಗುಂಪಿನ ಜೇಡಿ ಹುಟ್ಟುತ್ತೆ. ಅದು ಎರಿ ಮಣ್ಣು. ಕಪ್ಪಗಿದೆ ಅಂದ ಮಾತ್ರಕ್ಕೆ ಸಾವಯವ ಅಂಶ ತುಂಬಿ ತುಳುಕ್ತದ ಅಂತ ತಿಳೀಬಾರದು. ಇರೋ ಸ್ವಲ್ಪವೇ ಈ ಜೇಡಿಗೆ ಗಟ್ಟಿಯಾಗಿ ಅಂಟಿಕೊಂಡು ಬಣ್ಣ ಕೊಡುತ್ತೆ.

ಒಂದು ಗ್ರಾಂ ಕೇಯೊಲಿನೈಟಿನ ಕಣಗಳ ಒಟ್ಟು ಮೇಲ್ಮೈ 10–20 ಚದರ ಮೀಟರ್. ಒಂದು ಗ್ರಾಂ ಮಾಂಟ್‌ಮೊರಿಲೊನೈಟಿನದು ಸುಮಾರು 800 ಚದರ ಮೀಟರ್‌ವರೆಗೆ ಹೋಗುತ್ತೆ. ಇದರ ಪದರಗಳ ನಡುವೆಯೇ ನೀರು ನುಗ್ಗುತ್ತೆ, ಮಣ್ಣು ಉಬ್ಬುತ್ತೆ. ಒಣಗಿದರೆ ಕುಗ್ಗುತ್ತೆ. ಸಿವಿಲ್‌ನವರು ಲ್ಯಾಬ್‌ನಲ್ಲಿ ಫ್ರೀ ಸ್ವೆಲ್ ಇಂಡೆಕ್ಸ್ ಪ್ರಯೋಗ ಮಾಡಿರ್ತಾರೆ: 425 ಮೈಕ್ರಾನ್ ಜರಡಿ ದಾಟಿದ 10 ಗ್ರಾಂ ಮಣ್ಣು ಒಂದು ಸಿಲಿಂಡರಿನಲ್ಲಿ ನೀರಿಗೆ, ಇನ್ನೊಂದು 10 ಗ್ರಾಂ ಸೀಮೆಎಣ್ಣೆಗೆ, 24 ಗಂಟೆ. ಸೀಮೆಎಣ್ಣೆಯಲ್ಲಿ ಉಬ್ಬೋದಿಲ್ಲ, ನೀರಲ್ಲಿ ಉಬ್ಬುತ್ತೆ. ಆ ವ್ಯತ್ಯಾಸವೇ ಇಂಡೆಕ್ಸ್. ನಮಗೆ ಅದು ಜರ್ನಲ್‌ನಲ್ಲಿ ಬರೆದು ಸಹಿ ಹಾಕಿಸಿಕೊಂಡು ಮುಗಿಸೋ ಪ್ರಯೋಗ. ಹುಲ್ಲುಗಾವಲಿಗೆ ಅದು ಪ್ರತಿವರ್ಷದ ಬದುಕು.

ಮಸಾರಿ: ಎಲ್ಲಾ ಶಕ್ತಿ ಚರ್ಮದಲ್ಲಿ

ಮೊದಲು ಮಳೆ ಹನಿಯ ಲೆಕ್ಕ ಹಾಕೋಣ. ಒಂದು ಸಂಜೆ 20 ಮಿ.ಮೀ. ಮಳೆ ಆಯ್ತು ಅಂತ ಹಿಡಿಯೋಣ. ಒಂದು ಚದರ ಮೀಟರ್ ಮೇಲೆ 20 ಲೀಟರ್, ಅಂದ್ರೆ 20 ಕೆ.ಜಿ. ನೀರು. ದೊಡ್ಡ ಹನಿಗಳು ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ಬೀಳ್ತಾವೆ, ಸಣ್ಣವು ನಿಧಾನ. ಸರಾಸರಿ 6 ಇಟ್ಟುಕೊಂಡರೆ ಚಲನಶಕ್ತಿ ½ × 20 × 36 = 360 ಜೂಲ್. ಒಂದು ಹೆಕ್ಟೇರಿಗೆ 36 ಲಕ್ಷ ಜೂಲ್, ಅಂದ್ರೆ ಸರಿಯಾಗಿ ಒಂದು ಯೂನಿಟ್ ಕರೆಂಟ್. ಒಂದೇ ಯೂನಿಟ್ಟಾ ಅಂತ ನಗಬೇಡ್ರಿ. ಅದು ಇಡೀ ಹೊಲದ ತುಂಬ ಕೋಟಿ ಕೋಟಿ ಸಣ್ಣ ಸುತ್ತಿಗೆ ಏಟಾಗಿ ಬೀಳುತ್ತೆ.

ಬರೀ ಕೆಂಪು ಮಣ್ಣಿನ ಮೇಲೆ ಈ ಏಟು ಬಿದ್ದಾಗ ಸಣ್ಣ ಹೆಂಟೆಗಳು ಒಡೀತಾವೆ. ನುಣ್ಣನೆ ಕಣಗಳು ಹತ್ತಿರದ ರಂಧ್ರಗಳಿಗೆ ಹೋಗಿ ಕೂತು ಬಾಗಿಲು ಮುಚ್ಚಿಬಿಡ್ತಾವೆ. ಬಿಸಿಲು ಬಂದ ಮೇಲೆ ಅದೇ ಕೆಲವು ಮಿಲಿಮೀಟರ್ ದಪ್ಪದ ಗಟ್ಟಿ ಹಕ್ಕಳೆ. ಮುಂದಿನ ಮಳೆ ಅದರ ಮೇಲೆ ಜಾರಿ ಹೋಗುತ್ತೆ. ಮೊಳಕೆಗೆ ಅದನ್ನು ಒಡೆದು ಬರೋ ತಾಕತ್ತು ಇರೋದಿಲ್ಲ. ಇದು ನಿರ್ಜೀವ ಹಕ್ಕಳೆ.

ಜೀವಂತ ಹಕ್ಕಳೆಯ ಕಥೆ ಬೇರೆ. ಮಳೆಗಾಲದಲ್ಲಿ ಮೈದಾನದ ಅಂಚಿನಲ್ಲಿ ಕಪ್ಪು-ಹಸಿರು ಜೆಲ್ಲಿಯಂಥ ಮುದ್ದೆ ಕಂಡು ಜಾರಿ ಬೀಳದೇ ಇರೋರು ಕಡಿಮೆ. ಅದು ನಾಸ್ಟಾಕ್, ಒಂದು ಬಗೆಯ ನೀಲಿ-ಹಸಿರು ಪಾಚಿ. ಇದರ ಬಳಗದವು ಎಳೆಗಳಾಗಿ ಮಣ್ಣಿನೊಳಗೆ ಹಬ್ಬಿ, ಅಂಟು ಸೂಸಿ, ಮರಳು-ಜೇಡಿ ಕಣಗಳನ್ನು ಹೊಲಿಗೆ ಹಾಕಿದ ಹಾಗೆ ಹಿಡೀತಾವೆ. ಹನಿ ಬಿದ್ದರೂ ಹೆಂಟೆ ಒಡೆಯೋದಿಲ್ಲ, ಗಾಳಿ ಬೀಸಿದರೂ ದೂಳು ಏಳೋದಿಲ್ಲ. ನಾಸ್ಟಾಕ್‌ನಂಥವು ಗಾಳಿಯ ಸಾರಜನಕವನ್ನೂ ಹಿಡಿದು ಮಣ್ಣಿಗೆ ಸೇರಿಸ್ತಾವೆ. ಯೂರಿಯಾ ಹಾಕದ ಗುಡ್ಡಕ್ಕೆ ಇದು ಸಣ್ಣ ವಿಷಯ ಅಲ್ಲ. ಬೇಸಿಗೆಯಲ್ಲಿ ಇವು ಸತ್ತ ಹಾಗೆ ಒಣಗಿ, ಕಪ್ಪು ಮಸಿ ಬಳಿದಂತೆ ಕಾಣಿಸ್ತಾವೆ. ನೀರು ಸಿಕ್ಕ ಕೆಲವೇ ನಿಮಿಷಗಳಲ್ಲಿ ಮತ್ತೆ ಹಸಿರಾಗೋದಕ್ಕೆ ಶುರು.

ಹಾಗಾಗಿ ಮಸಾರಿಯ ಬಲ ಇರೋದು ಹುಲ್ಲಿನ ಬುಡಗಳಲ್ಲಿ, ಅವುಗಳ ನಡುವಿನ ಗರಸಿನಲ್ಲಿ ಮತ್ತು ಈ ತೆಳು ಚರ್ಮದಲ್ಲಿ. ಕೇಯೊಲಿನೈಟ್ ಉಬ್ಬೋದೂ ಇಲ್ಲ, ಕುಗ್ಗೋದೂ ಇಲ್ಲ. ಹೀಗಾಗಿ ಒಮ್ಮೆ ಒತ್ತಿ ಗಟ್ಟಿಯಾದ ಕೆಂಪು ಮಣ್ಣು ತಾನಾಗಿ ಸಡಿಲ ಆಗೋದು ತೀರಾ ನಿಧಾನ. ಬೇರು ಇಳೀಬೇಕು, ಗೆದ್ದಲು, ಇರುವೆ ಕೊರೀಬೇಕು. ಒಡೆದ ಜೀವಂತ ಹಕ್ಕಳೆ ಮತ್ತೆ ಕಟ್ಟಿಕೊಳ್ಳೋಕೆ ವರ್ಷಗಳು ಬೇಕು. ಕಲ್ಲುಹೂವಿನಂಥವು ಸೇರಿದ್ದರೆ ದಶಕಗಳೇ ಹಿಡಿಯಬಹುದು.

ಎರಿ: ತನ್ನನ್ನು ತಾನೇ ಉಳುವ ಮಣ್ಣು

ಎರಿ ಹೊಲದಾಗ ಏಪ್ರಿಲ್‌ನಲ್ಲಿ ನಡೆದರೆ ಬಿರುಕಿನಲ್ಲಿ ಕಾಲು ಸಿಕ್ಕೋ ಭಯ. ಕೈ ಹಾಕಿದರೆ ಮೊಣಕೈ ಮುಳುಗುವಷ್ಟು ಆಳ. ಜುಲೈನಲ್ಲಿ ಅದೇ ಹೊಲದಾಗ ನಡೆದರೆ ಪ್ರತಿ ಚಪ್ಪಲಿಗೆ ಒಂದೊಂದು ಕೆ.ಜಿ. ಮಣ್ಣು. ಮಣ್ಣುಶಾಸ್ತ್ರದಲ್ಲಿ ಇದರ ಹೆಸರು ವರ್ಟಿಸಾಲ್. ತಿರುಗು, ಮಗುಚು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದದ್ದು. ಬೇಸಿಗೆಯಲ್ಲಿ ಮೇಲಿನ ಪುಡಿ ಬಿರುಕಿಗೆ ಬೀಳುತ್ತೆ. ಮಳೆ ಬಂದು ಉಬ್ಬಿದಾಗ ಕೆಳಗಿನ ಮಣ್ಣಿಗೆ ಜಾಗ ಸಾಲದೆ ಪಕ್ಕಕ್ಕೂ ಮೇಲಕ್ಕೂ ತಳ್ಳಿಕೊಳ್ಳುತ್ತೆ. ಹೀಗೆ ವರ್ಷ ವರ್ಷ ನಿಧಾನವಾಗಿ ಮಗುಚಿಕೊಳ್ಳುತ್ತಾ ಇರುತ್ತೆ.

ಇದರಿಂದ ಎರಡು ಪರಿಣಾಮ. ಒಂದು, ಕುಣಿಯುತ್ತಲೇ ಇರೋ ನೆಲದ ಮೇಲೆ ಜೀವಂತ ಹಕ್ಕಳೆಗೆ ನೆಲೆ ನಿಲ್ಲೋದು ಕಷ್ಟ. ಪ್ರತಿ ಬೇಸಿಗೆ ಹರಿದು ಹೋಗುವ ಬಟ್ಟೆಗೆ ಎಷ್ಟು ಸಲ ಹೊಲಿಗೆ ಹಾಕೋದು? ಎರಡು, ತುಳಿದು ಗಟ್ಟಿಯಾದ ಮಣ್ಣನ್ನು ಮುಂದಿನ ಬಿರುಕು ಸ್ವಲ್ಪ ಮಟ್ಟಿಗೆ ತಾನೇ ಒಡೆದು ಸರಿ ಮಾಡುತ್ತೆ. ಮಸಾರಿಗೆ ಈ ಭಾಗ್ಯ ಇಲ್ಲ.

ನೀರಿನ ವಿಷಯದಲ್ಲೂ ಎರಿ ವಿಚಿತ್ರ. ಮೊದಲ ಮಳೆ ಬಿರುಕಿನಲ್ಲಿ ಸರಸರ ಇಳಿದುಹೋಗುತ್ತೆ. ಬಿರುಕು ಮುಚ್ಚಿಕೊಂಡ ಮೇಲೆ ನೀರು ಇಳಿಯೋ ವೇಗ ಹೆಚ್ಚು ಕಡಿಮೆ ನಿಂತೇಹೋಗುತ್ತೆ. ಬಿರುಕುಗಳು ಬೀಜಕ್ಕೂ ಬಲೆ. ಪ್ಯಾಂಟಿಗೆ, ಸಾಕ್ಸಿಗೆ ಚುಚ್ಚಿಕೊಳ್ಳೋ ಚೂಪು ಬೀಜದ ಹುಲ್ಲು ಗೊತ್ತಲ್ಲ, ಹೆಟೆರೊಪೋಗಾನ್ ಕಂಟಾರ್ಟಸ್? ಅದರ ಬೀಜದ ಬಾಲ ತೇವಕ್ಕೆ ಬಿಚ್ಚಿ, ಒಣಗಿದಾಗ ಸುರುಳಿ ಸುತ್ತಿ, ಡ್ರಿಲ್ ಬಿಟ್ ಹಾಗೆ ಬೀಜವನ್ನು ನೆಲಕ್ಕೆ ಇಳಿಸುತ್ತೆ. ಮೋಟರ್ ಇಲ್ಲ, ಬ್ಯಾಟರಿ ಇಲ್ಲ. ಗಟ್ಟಿ ಹಕ್ಕಳೆಯ ಮೇಲೆ ಬಿದ್ದ ಬೀಜಕ್ಕೆ ಮಾತ್ರ ಒಂದು ಸಂದಿ ಸಿಕ್ಕಬೇಕು.

ಈಗ ತುಳಿತದ ಲೆಕ್ಕ

450 ಕೆ.ಜಿ. ತೂಕದ ಎಮ್ಮೆ, ಒಂದೊಂದು ಗೊರಸಿನ ವಿಸ್ತೀರ್ಣ 80 ಚದರ ಸೆಂ.ಮೀ. ಅಂತ ಹಿಡಿಯೋಣ. ನಾಲ್ಕು ಕಾಲಿನ ಮೇಲೆ ನಿಂತಾಗ ಒತ್ತಡ ಸುಮಾರು 140 ಕಿಲೋಪಾಸ್ಕಲ್. ನಡೆಯುವಾಗ ಎರಡೇ ಕಾಲಿನ ಮೇಲೆ ಭಾರ ಬಿದ್ದರೆ 280. 30 ಕೆ.ಜಿ. ಕುರಿ, ಗೊರಸು 20 ಚದರ ಸೆಂ.ಮೀ.: ನಿಂತಾಗ 40ಕ್ಕಿಂತ ಕಡಿಮೆ, ನಡೆಯುವಾಗ 75. ಬೈಕಿನ ಟೈರ್ ನೆಲಕ್ಕೆ ಕೊಡೋ ಒತ್ತಡ ಅದರೊಳಗಿನ ಗಾಳಿಯ ಒತ್ತಡದ ಆಸುಪಾಸೇ ಇರುತ್ತೆ: 29 ಪಿಎಸ್ಐ ಅಂದ್ರೆ 200 ಕಿಲೋಪಾಸ್ಕಲ್.

ಅಂಕಿ ನೋಡಿದರೆ ಬೈಕಿಗಿಂತ ಎಮ್ಮೆ ಕೆಟ್ಟದ್ದು ಅನ್ನಿಸುತ್ತೆ. ಆದರೆ ಆಕಾರ ನೋಡ್ರಿ. ಗೊರಸು ಬಿಡೋದು ಬಿಡಿ ಬಿಡಿ ಕುಣಿ. ಅದರಲ್ಲಿ ಸ್ವಲ್ಪ ನೀರು, ಕಸ, ಬೀಜ ನಿಲ್ಲುತ್ತೆ. ಟೈರ್ ಬಿಡೋದು ಒಂದು ಉದ್ದ ಗೆರೆ. ಗುಡ್ಡದ ಇಳಿಜಾರಿನಲ್ಲಿ ಮೇಲಿಂದ ಕೆಳಗೆ ಎಳೆದ ಗೆರೆ ಅಂದ್ರೆ ನೀರಿಗೆ ಹಾಕಿಕೊಟ್ಟ ಕಾಲುವೆ. ಎರಡು ಮಳೆಗಾಲದಲ್ಲಿ ಅದು ಕೊರಕಲು ಆಗಬಹುದು. ದಿನಾ ಒಂದೇ ಹಾದಿಯಲ್ಲಿ ಇಳಿಯೋ ದನಗಳ ಸಾಲೂ ಕೊನೆಗೆ ಇದನ್ನೇ ಮಾಡುತ್ತೆ.

ಇನ್ನು ಕಾಲ. ಒಣಗಿದ ಜೀವಂತ ಹಕ್ಕಳೆ ಹಪ್ಪಳ ಇದ್ದಂಗ, ಕಾಲಿಟ್ಟರೆ ಪಟ್ ಅಂತ ಮುರೀತದ. ತೇವ ಇದ್ದಾಗ ಹಸಿ ಹಪ್ಪಳದಂತೆ ಬಾಗುತ್ತೆ, ಪೆಟ್ಟು ಕಡಿಮೆ. ಹಾಗಂತ ಮಸಾರಿಯನ್ನು ನೀರು ಕುಡಿದು ಮೆತ್ತಗಾದಾಗ ತುಳಿದರೂ ಕಷ್ಟ. ಪ್ರಾಕ್ಟರ್ ಟೆಸ್ಟ್ ನೆನಪಿಸಿಕೊಳ್ಳಿ: 2.6 ಕೆ.ಜಿ. ಸುತ್ತಿಗೆ, 310 ಮಿ.ಮೀ. ಎತ್ತರ, ಮೂರು ಪದರ, ಪ್ರತಿ ಪದರಕ್ಕೆ 25 ಏಟು. ಒಂದು ನಿರ್ದಿಷ್ಟ ತೇವದಲ್ಲಿ ಮಣ್ಣು ಅತಿ ಹೆಚ್ಚು ಗಟ್ಟಿಯಾಗುತ್ತೆ. ಆ ತೇವದ ಹತ್ತಿರ ಇರೋ ಗೋಮಾಳದಲ್ಲಿ ಭಾರದ ದನಗಳನ್ನು ದಿನವಿಡೀ ನಿಲ್ಲಿಸಿದರೆ ಅದೇ ಟೆಸ್ಟ್ ಹೊರಗೆ ಮಾಡಿದ ಹಾಗೆ. ಆದ್ದರಿಂದ ಮಸಾರಿಗೆ ಒಳ್ಳೆಯದು ಅಂದ್ರೆ ಹಗುರ ಪ್ರಾಣಿ, ತುಸು ತೇವ, ಮತ್ತು ಒಂದೇ ಕಡೆ ನಿಲ್ಲದೆ ಮುಂದೆ ಹೋಗೋದು.

ಎರಿಗೆ ಉಲ್ಟಾ. ಒದ್ದೆಯಾದಾಗ ತುಳಿದರೆ ಗೊರಸು ಗೇಣುದ್ದ ಇಳಿದು, ಹುಲ್ಲಿನ ಬುಡ ಕಿತ್ತು, ಮಣ್ಣು ಕಲಸಿದ ಹಿಟ್ಟಾಗುತ್ತೆ. ಒಣಗಿದಾಗ ತುಳಿದರೆ ಮೇಲಿನ ಪುಡಿ ಅಲುಗುತ್ತೆ, ಅಷ್ಟೇ.

ಕುರಿಗಾರರ ವರ್ಷವನ್ನು ಇದರ ಪಕ್ಕ ಇಟ್ಟು ನೋಡಿದರೆ ನಮಗೆ ಆಶ್ಚರ್ಯ ಆಯ್ತು. ಸುಗ್ಗಿ ಮುಗಿದ ಮೇಲೆ, ಒಣ ಕಾಲದಲ್ಲಿ, ಎರಿ ಹೊಲದವರು ಗೊಬ್ಬರಕ್ಕಾಗಿ ಕುರಿ ಹಿಂಡನ್ನು ರಾತ್ರಿ ತಮ್ಮ ಹೊಲದಲ್ಲಿ ನಿಲ್ಲಿಸಿಕೊಳ್ಳೋದು ನಮ್ಮ ಕಡೆ ಹಳೆಯ ಪದ್ಧತಿ. ಮಳೆಗಾಲದಲ್ಲಿ ಎರಿಯಲ್ಲಿ ಬೆಳೆ ಇರುತ್ತೆ, ಕೆಸರೂ ಇರುತ್ತೆ. ಹಿಂಡು ಗುಡ್ಡ, ಮಸಾರಿ, ಗೋಮಾಳದ ಕಡೆ ತಿರುಗುತ್ತೆ. ಒಣಗಿದಾಗ ಎರಿ, ತೇವ ಇದ್ದಾಗ ಮಸಾರಿ, ಎರಡೂ ಕಡೆ ಹಗುರ ಪ್ರಾಣಿ, ಎಲ್ಲೂ ಬೀಡು ಬಿಡದ ನಡಿಗೆ. ಅವರು ನಡೆಯೋದು ಮೇವು, ನೀರು, ಕೆಸರು ನೋಡಿಕೊಂಡು. ಆದರೂ ಆ ಕ್ಯಾಲೆಂಡರ್ ಎರಡೂ ಮಣ್ಣಿಗೆ ಹೊಂದುತ್ತೆ. ಗೋಮಾಳ ಕಡಿಮೆಯಾಗಿ, ಅದೇ ಹಿಂಡು ಉಳಿದ ಸಣ್ಣ ತುಂಡಿನಲ್ಲಿ ತಿಂಗಳುಗಟ್ಟಲೆ ಸುತ್ತಬೇಕಾಗಿ ಬಂದಾಗ ಲೆಕ್ಕ ತಪ್ಪುತ್ತೆ.

ಬೆಂಕಿ ಮತ್ತು ಗುಂಡಿ

ಕಪ್ಪತಗುಡ್ಡಕ್ಕೆ ಬೇಸಿಗೆಯಲ್ಲಿ ಬೆಂಕಿ ಬಿದ್ದ ಸುದ್ದಿ ಮತ್ತೆ ಮತ್ತೆ ಓದ್ತೀವಿ. ಹುಲ್ಲಿನ ಬೆಂಕಿ ಬೇಗ ಓಡುತ್ತೆ; ಕೆಲವೇ ಸೆಂಟಿಮೀಟರ್ ಕೆಳಗೆ ಮಣ್ಣು ಅಷ್ಟೇನೂ ಕಾಯೋದಿಲ್ಲ. ಬಹುವಾರ್ಷಿಕ ಹುಲ್ಲಿನ ಬುಡ ಸಾಮಾನ್ಯವಾಗಿ ಉಳೀತದ, ಮಳೆಗೆ ಚಿಗುರ್ತದ. ಸುಟ್ಟು ಹೋಗೋದು ನೆಲದ ಮೇಲಿನ ಕಸ ಮತ್ತು ಆ ತೆಳು ಚರ್ಮ. ಹಾಗಾಗಿ ನಿಜವಾದ ಪೆಟ್ಟು ಬೀಳೋದು ಮೇ-ಜೂನ್‌ನ ಮೊದಲ ಬಿರುಸು ಮಳೆಗೆ: ಮುಚ್ಚಿಗೆ ಇಲ್ಲದ ಕೆಂಪು ಇಳಿಜಾರು, ಮೇಲೆ ಆ ಕೋಟಿ ಸುತ್ತಿಗೆಗಳು. ವರ್ಷ ವರ್ಷವೂ ಸುಟ್ಟರೆ ಚರ್ಮ ಮತ್ತೆ ಕಟ್ಟಲು ಸಮಯವೇ ಇಲ್ಲ. ಈ ಗುಡ್ಡ 2019ರಲ್ಲಿ ವನ್ಯಜೀವಿ ಧಾಮ ಆಯಿತು.

ಗುಂಡಿ ತೋಡೋದು, ನೇಗಿಲು ಹೊಡೆಯೋದು ಎಲ್ಲಕ್ಕಿಂತ ದೊಡ್ಡ ಕೆದಕು, ಯಾಕಂದ್ರೆ ಅದು ಹುಲ್ಲಿನ ಬುಡವನ್ನೇ ತೆಗೆದುಹಾಕುತ್ತೆ. ಇಲ್ಲಿ ಎರಿಯ ಸ್ವಂತ ರಿಪೇರಿಯೂ ಸಾಲೋದಿಲ್ಲ. ಮಣ್ಣಿನ ರಚನೆ ಮರಳಿ ಬರಬಹುದು, ಹೋದ ಹುಲ್ಲು ಬರಬೇಕಾದರೆ ಹತ್ತಿರದಲ್ಲಿ ಬೀಜ ಇರಬೇಕು. ರಾಣೆಬೆನ್ನೂರಿನ ಕೃಷ್ಣಮೃಗ ಧಾಮ 1974ರದು, 119 ಚದರ ಕಿ.ಮೀ. ಕೃಷ್ಣಮೃಗ ಬಯಲಿನ ಪ್ರಾಣಿ. ಆದರೆ ಅಲ್ಲಿ ದೊಡ್ಡ ಭಾಗದಲ್ಲಿ ನೀಲಗಿರಿ ನೆಡುತೋಪು ಇದೆ. ಬಯಲು ಅಂದರೆ ಮರ ಇಲ್ಲದ ಕೊರತೆ ಅಂತ ತಿಳಿದು ಗುಂಡಿ ತೋಡಿದ ಕಾಲದ ಗುರುತು ಅದು.

ನೀವೇ ಅಳೆದು ನೋಡಿ

ಬೇಕಾದದ್ದು 10 ಮೀಟರ್ ಹಗ್ಗ, ಒಂದು ಸೈಕಲ್ ಕಡ್ಡಿ, ಒಂದು ನೋಟ್‌ಬುಕ್. ಹಗ್ಗಕ್ಕೆ ಪ್ರತಿ 10 ಸೆಂ.ಮೀ.ಗೆ ಒಂದು ಗುರುತು. ಹಗ್ಗ ನೆಲದ ಮೇಲೆ ಹಾಸಿ, ಪ್ರತಿ ಗುರುತಿನಲ್ಲಿ ಕಡ್ಡಿಯನ್ನು ನೇರ ಇಳಿಸಿ, ತುದಿ ಮೊದಲು ಮುಟ್ಟಿದ್ದು ಏನು ಅಂತ ಬರೆದುಕೊಳ್ಳಿ: ಬುಡ, ಕಸ, ಕಲ್ಲು, ಬರೀ ಮಣ್ಣು, ಜೀವಂತ ಹಕ್ಕಳೆ. 100 ಗುರುತು, ಆದ್ದರಿಂದ ಎಣಿಕೆಯೇ ಶೇಕಡಾವಾರು. ಹಕ್ಕಳೆ ಜೀವಂತವೋ ಅಲ್ಲವೋ ಅನುಮಾನ ಬಂದರೆ ಎರಡು ಹನಿ ನೀರು ಹಾಕಿ ಸ್ವಲ್ಪ ಹೊತ್ತು ಕಾಯಿರಿ. ಹಸಿರು ತಿರುಗಿದರೆ ಜೀವಂತ.

ಇನ್ನೊಂದು ಪರೀಕ್ಷೆ: ಒಣಗಿದ, ಕಡಲೆಕಾಳಿನಷ್ಟು ಹೆಂಟೆಯನ್ನು ಗಾಜಿನ ಲೋಟದ ನೀರಿಗೆ ಮೆಲ್ಲಗೆ ಬಿಡಿ. ಎಷ್ಟು ಸೆಕೆಂಡಿಗೆ ಕರಗಿ ಕುಸೀತು? ಓಡಾಡುವ ಹಾದಿಯ ಮಣ್ಣು ಒಂದು ಲೋಟಕ್ಕೆ, ಹುಲ್ಲಿನ ಬುಡದ ಪಕ್ಕದ ಮಣ್ಣು ಇನ್ನೊಂದಕ್ಕೆ. ಹೊಲಿಗೆ ಇರೋ ಮಣ್ಣು ಮತ್ತು ಇಲ್ಲದ ಮಣ್ಣಿನ ವ್ಯತ್ಯಾಸ ಕಣ್ಣೆದುರೇ ಕಾಣುತ್ತೆ. ಒಂದು ಎಚ್ಚರಿಕೆ: ಕೆಂಪನ್ನು ಕೆಂಪಿನ ಜೊತೆ, ಕಪ್ಪನ್ನು ಕಪ್ಪಿನ ಜೊತೆ ಮಾತ್ರ ಹೋಲಿಸಿ. ಇಲ್ಲಾಂದ್ರೆ ಮಣ್ಣಿನ ಗುಣವನ್ನೇ ತುಳಿತದ ಫಲ ಅಂತ ಬರೆದುಬಿಡ್ತೀವಿ.

ಎಂಜಿನಿಯರ್‌ಗೆ ಇದರಿಂದ ಏನು?

ಈ ಎರಡು ಮಣ್ಣಿನ ಸ್ವಭಾವ ತಿಳಿದು ಕೆಲಸ ಮಾಡಿದ ಎಂಜಿನಿಯರ್‌ಗಳು ಇದ್ದಾರೆ. ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿ ಅವರು ಎರಿ ಮಣ್ಣಿನಲ್ಲಿ ಕಾಲುವೆಯ ಲೈನಿಂಗ್ ಒಡೆಯೋದನ್ನು ತಡೆಯಲು ಅದರ ಕೆಳಗೆ ಉಬ್ಬದ, ಅಂಟುಳ್ಳ ಮಣ್ಣಿನ ಪದರ ಹಾಕುವ ಸಿಎನ್‌ಎಸ್ ವಿಧಾನ ರೂಪಿಸಿದರು. ನಮ್ಮ ಮಲಪ್ರಭಾ ಕಾಲುವೆಯಲ್ಲೂ ಅದನ್ನು ಬಳಸಿದರು. ಸರಳವಾಗಿ ಹೇಳಬೇಕಂದ್ರೆ ಕುಣಿಯೋ ಮಣ್ಣಿನ ಮೇಲೆ ಕೂತಲ್ಲೇ ಕೂರೋ ಮಣ್ಣನ್ನು ಕೂರಿಸಿದ್ದು. ಕಾಂಕ್ರೀಟಿಗೆ ಇಷ್ಟು ಯೋಚನೆ ಮಾಡೋ ನಾವು ಹುಲ್ಲಿಗೂ ಒಂದಿಷ್ಟು ಮಾಡಬಹುದು.

ಯಾಕಂದ್ರೆ ಮುಂದೆ ಸೋಲಾರ್ ಪಾರ್ಕ್, ವಿಂಡ್‌ಮಿಲ್, ಹೈವೇ, ಕ್ಯಾಂಪಸ್ಸುಗಳ ಸೈಟ್ ಸರ್ವೇ ಮಾಡೋರು ನಾವೇ. ದೇಶದ ಪಾಳುಭೂಮಿ ನಕ್ಷೆಗಳಲ್ಲಿ ಕುರುಚಲು ಭೂಮಿ, ಹಾಳಾದ ಗೋಮಾಳ ಎಂಬ ವರ್ಗಗಳಿವೆ. ಇಂಥ ಎಷ್ಟೋ ಬಯಲು ಆ ಹೆಸರಿನ ಕೆಳಗೆ ಹೋಗುತ್ತೆ. ಚಳ್ಳಕೆರೆಯ ಅಮೃತಮಹಲ್ ಕಾವಲುಗಳ ಸುಮಾರು 10,000 ಎಕರೆ 2010ರ ಆಸುಪಾಸಿನಲ್ಲಿ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋದಾಗ, ಅಲ್ಲಿ ದನ-ಕುರಿ ಮೇಯಿಸುತ್ತಿದ್ದ ಹಳ್ಳಿಗಳು ಕೇಳಿದ ಪ್ರಶ್ನೆ ಇದೇ ಆಗಿತ್ತು: ಖಾಲಿ ಅಂತ ಹೇಳಿದ್ದು ಯಾರು?

ಸೈಟ್ ಬೇಡ ಅಂತ ನಾವು ಹೇಳ್ತಾ ಇಲ್ಲ. ಸರ್ವೇ ವರದಿಯಲ್ಲಿ ‘ಖಾಲಿ’ ಅಂತ ಬರೆಯೋ ಜಾಗದಲ್ಲಿ ನಾಲ್ಕು ಸಾಲು ಹೆಚ್ಚು ಬರೆಯೋಣ ಅಂತೀವಿ. ಮಣ್ಣು ಯಾವುದು? 100 ಬಿಂದುಗಳಲ್ಲಿ ಎಷ್ಟು ಬುಡ, ಎಷ್ಟು ಹಕ್ಕಳೆ? ಎರಿ ಆಗಿದ್ದರೆ ಭಾರಿ ಯಂತ್ರಗಳು ಒಣ ಕಾಲದಲ್ಲಷ್ಟೇ ಓಡಲಿ. ಮಸಾರಿ ಇಳಿಜಾರಾದರೆ ಇಡೀ ಗುಡ್ಡ ತುಳಿಯದೆ, ಅಡ್ಡಲಾಗಿ ಹೋಗೋ ಒಂದೇ ಹಾದಿ ಸಾಕು. ಅಗೆಯಲೇಬೇಕಾದ ಕಡೆ ಮೇಲಿನ ಮಣ್ಣನ್ನು ಬೇರೆ ರಾಶಿ ಹಾಕಿ, ಕೆಲಸ ಮುಗಿದ ಮೇಲೆ ಮೇಲೆಯೇ ಹರಡಬೇಕು, ಯಾಕಂದ್ರೆ ಬೀಜ, ಪಾಚಿ ಎಲ್ಲಾ ಇರೋದು ಅದರಲ್ಲೇ. ಇದಕ್ಕೆ ತಗಲುವ ಖರ್ಚು ಹೆಚ್ಚಿನದೇನಲ್ಲ.

ಸದ್ಯಕ್ಕೆ ಒಂದು ಹಗ್ಗದಿಂದ ಶುರು ಮಾಡೋಣ. ನಿಮ್ಮೂರಿನ ಗೋಮಾಳ, ಗುಡ್ಡ ಅಥವಾ ಹೊಲದ ಬದು ಯಾವುದಾದರೂ ಆಗಬಹುದು. ಮಳೆಗೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ, ಅದೇ ಜಾಗದಲ್ಲಿ 100 ಬಿಂದು ಎಣಿಸಿ. ಎರಡು ಎಣಿಕೆಯನ್ನೂ, ಮಣ್ಣು ಎರಿಯೋ ಮಸಾರಿಯೋ ಅನ್ನೋದನ್ನೂ, ಅಲ್ಲಿ ಯಾವ ತಿಂಗಳು ಏನು ಮೇಯುತ್ತೆ ಅನ್ನೋದನ್ನೂ ಬರೆದು ಕನ್ನಡ ಸಂಘಕ್ಕೆ ಕಳಿಸಿ. ಮೇಯಿಸುವವರ ಹತ್ತಿರ ಕೇಳಿಯೇ ಬರೆಯಿರಿ. ನಮ್ಮ ನೋಟ್‌ಬುಕ್ಕಿಗಿಂತ ಹೆಚ್ಚು ವರ್ಷಗಳ ಲೆಕ್ಕ ಅವರ ಹತ್ತಿರ ಇರುತ್ತೆ.